ಭೂತಾನ್ ಅಡಿಕೆ ಸುಂಕವಿಲ್ಲದೆ ಬರುತ್ತಿದೆ, ಈ ವರ್ಷದ ಫಸಲು ಹಸಿಯಾಗೇ ಮಾರಿಬಿಡಲೇ?

ಅಪ್ಪ ಬೇಯಿಸಿ ಒಣಗಿಸಿ ಇಡೋಣ ಅಂತಾರೆ, ನಾನು ಹಸಿಯಾಗೇ ಕೊಟ್ಟು ಕೈ ತೊಳೆದುಕೊಳ್ಳೋಣ ಅಂತೀನಿ ಎಂದು ಬರೆದಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. 2022ರಲ್ಲಿ ಶಿರಸಿ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ ಇದೇ ಜಗಳ ನಡೆದಿತ್ತು. ನಿಮ್ಮ ಅಪ್ಪನ ಜಾಗದಲ್ಲಿ ನಮ್ಮ ಅಪ್ಪಯ್ಯ, ನಿಮ್ಮ ಜಾಗದಲ್ಲಿ ನಾನು. ಗೆದ್ದವನು ನಾನೇ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ ಕೊನೆಯ ವಾರ, ನವರಾತ್ರಿ ಶುರುವಾಗಿತ್ತು. ಮೊಬೈಲಿಗೆ ಒಂದು ಮೆಸೇಜ್ ಬಂತು. ‘ಪ್ರತಿವರ್ಷ ಭೂತಾನದಿಂದ 17,000 ಟನ್ ಅಡಿಕೆ, ಎಂಐಪಿ ಇಲ್ಲ. ಬೆಳೆಗಾರರ ಕಥೆ ಮುಗಿಯಿತು.’ ಸಂಜೆಯೊಳಗೆ ಅದೇ ಮೆಸೇಜ್ ಆರು ಗ್ರೂಪಿನಿಂದ ಬಂತು. ಎಂಐಪಿ ಅಂದರೆ ಕನಿಷ್ಠ ಆಮದು ಬೆಲೆ. ಆಗ ಅಡಿಕೆಗೆ ಕಿಲೋಗೆ 251 ರೂಪಾಯಿ ಇತ್ತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆಯನ್ನು ಹೊರಗಿನಿಂದ ತರುವಂತಿಲ್ಲ. ಅಗ್ಗದ ಮಾಲಿಗೆ ಅದೊಂದು ಬೇಲಿ. ಆ ಬೇಲಿಯನ್ನೇ ಕಿತ್ತುಹಾಕಿದ್ದಾರೆ ಅಂದುಕೊಂಡೆ ನಾನು.

ರಾತ್ರಿ ಊಟ ಆದಮೇಲೆ ಅಪ್ಪಯ್ಯನಿಗೆ ಹೇಳಿದೆ. ಅವರು ಕವಳದ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಾ ಒಂದೇ ಮಾತು ಕೇಳಿದರು. ‘ಹಸೀದೋ, ಒಣಗಿದ್ದೋ?’

ನಾನು ಅಂದೆ, ‘ಅಡಿಕೆ ಅಂದ್ರೆ ಅಡಿಕೆ ಅಪ್ಪಯ್ಯ. ಹದಿನೇಳು ಸಾವಿರ ಟನ್!’

ಅವರು ಮತ್ತೆ ಮಾತಾಡಲಿಲ್ಲ. ನನಗೆ ಆಗ ನಲವತ್ತನಾಲ್ಕು ವರ್ಷ. ಹುಟ್ಟಿದಾಗಿನಿಂದ ತೋಟದಲ್ಲೇ ಇದ್ದವನು. ಅಡಿಕೆ ಕಂಡೇ ಇಲ್ಲದ ಪೇಟೆಯವರಾದರೂ ಆ ಪ್ರಶ್ನೆಗೆ ಒಂದು ಗಳಿಗೆ ನಿಲ್ಲುತ್ತಿದ್ದರು. ನಾನು ನಿಲ್ಲಲಿಲ್ಲ.

ಸರ್ಕಾರದ ಆದೇಶದಲ್ಲಿ ಇದ್ದದ್ದು ‘ಹಸಿ ಅಡಿಕೆ’. ಮೆಸೇಜ್ ಕೈಯಿಂದ ಕೈಗೆ ಬರುವಾಗ ಆ ‘ಹಸಿ’ ಎಲ್ಲೋ ಉದುರಿಹೋಗಿತ್ತು. ಎರಡೇ ಅಕ್ಷರ. ಅದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ನಿಮಗೆ ಗೊತ್ತಿರುವುದೇ, ಆದರೂ ಕೇಳಿ. ನನಗೂ ಗೊತ್ತಿತ್ತಲ್ಲ!

ಒಂದು ಕ್ವಿಂಟಲ್ ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ನಮ್ಮ ಕಡೆ 12–13 ಕಿಲೋ ರಾಶಿ, ಅಂದರೆ ಬೇಯಿಸಿ ಒಣಗಿಸಿದ ಕೆಂಪಡಿಕೆ, ಸಿಗುತ್ತದೆ. ಮಿಕ್ಕದ್ದು ಸಿಪ್ಪೆ ಮತ್ತು ನೀರು. ಭೂತಾನದ 17,000 ಟನ್ ಇದೇ ಲೆಕ್ಕದಲ್ಲಿ ಒಣಗಿದರೆ ಸುಮಾರು 2,200 ಟನ್. ಹಣ್ಣಡಿಕೆ ಒಣಗಿಸಿ ಚಾಲಿ ಮಾಡಿದರೆ ಸ್ವಲ್ಪ ಜಾಸ್ತಿ ಬರುತ್ತದೆ. ಇರಲಿ, ಮೂರೂವರೆ ಸಾವಿರ ಅಂತಲೇ ಹಿಡಿಯಿರಿ. ನಮ್ಮ ದೇಶ ಬೆಳೆಯುವುದು ಲಕ್ಷಗಟ್ಟಲೆ ಟನ್, ಅದರಲ್ಲಿ ದೊಡ್ಡ ಪಾಲು ಕರ್ನಾಟಕದ್ದೇ. ಹೊಳೆಗೆ ಒಂದು ಕೊಡಪಾನ ನೀರು ಹೊಯ್ದ ಹಾಗೆ. ನಾನು ಮಾತ್ರ ನಮ್ಮ ಅಟ್ಟದ ಮೇಲೆ ಇರುವಂಥ ಒಣಗಿದ, ಆರಿಸಿದ, ಗೋಣಿಗೆ ತುಂಬಿದ 17,000 ಟನ್ ರಾಶಿ ಲಾರಿ ಲಾರಿಯಾಗಿ ಶಿರಸಿ ಮಾರ್ಕೆಟಿಗೆ ಬಂದು ಬೀಳುವುದನ್ನು ಕಣ್ಣು ಮುಚ್ಚಿದಾಗಲೆಲ್ಲ ಕಾಣುತ್ತಿದ್ದೆ.

ಇನ್ನೊಂದು ವಿಷಯ. ಎಂಐಪಿ ವಿನಾಯಿತಿ ಕೊಟ್ಟದ್ದು ಯಾಕೆ ಅಂತ ಆಮೇಲೆ ಯೋಚಿಸಿದೆ. 251 ಅನ್ನುವುದು ಒಣ ಅಡಿಕೆಗೆ ಒಪ್ಪುವ ದರ. ಒಂದು ಕಿಲೋ ಹಸಿ ಅಡಿಕೆಗೆ 251 ರೂಪಾಯಿ ಯಾರು ಕೊಡುತ್ತಾರೆ? ನಮಗೇ ಯಾರೂ ಕೊಡುವುದಿಲ್ಲ. ಅಂದರೆ ಆ ಷರತ್ತು ಇರುವವರೆಗೆ ಭೂತಾನದ ರೈತರು ಒಂದು ಕೊನೆಯನ್ನೂ (ಅಡಿಕೆ ಗೊಂಚಲನ್ನೂ) ಕಾನೂನಿನ ದಾರಿಯಲ್ಲಿ ಗಡಿ ದಾಟಿಸುವಂತಿರಲಿಲ್ಲ. ಅದಕ್ಕೆ ವರ್ಷಕ್ಕೆ ಇಷ್ಟೇ, ಪಶ್ಚಿಮ ಬಂಗಾಳದ ಜೈಗಾಂವ್ ಗಡಿಠಾಣೆಯ ಮೂಲಕ ಮಾತ್ರ, ಅಂತ ಒಂದು ಕಿಂಡಿ ಬಿಟ್ಟರು. ಬೇಲಿ ಕೀಳಲಿಲ್ಲ. ಐದು ತಿಂಗಳಿಗೆ, 2023ರ ಫೆಬ್ರವರಿಯಲ್ಲಿ, ಅದೇ ಬೇಲಿಯನ್ನು 351 ರೂಪಾಯಿಗೆ ಎತ್ತರಿಸಿದರು. ಅಷ್ಟು ಹೊತ್ತಿಗೆ ನನ್ನ ಅಡಿಕೆ ನನ್ನದಾಗಿರಲಿಲ್ಲ.

ದಸರಾ ಕಳೆದ ಮೇಲೆ ಹಸಿ ಅಡಿಕೆ ಕೊಳ್ಳುವ ಒಬ್ಬ ವ್ಯಾಪಾರಿ ಮನೆಗೆ ಬಂದರು. ಅವರಾಗಿ ಬರಲಿಲ್ಲ, ನಾನೇ ಕರೆಸಿದ್ದು. ‘ಹೆಗಡೇರೇ, ಮುಂದಿನ ವಾರ ಈ ರೇಟೂ ಸಿಗಲಿಕ್ಕಿಲ್ಲ’ ಅಂದರು. ಕ್ವಿಂಟಲ್‌ಗೆ ಇಷ್ಟು ಅಂತ ದರ ಕಟ್ಟಿ, ಇಡೀ ತೋಟದ ಫಸಲು ಹಸಿಯಾಗೇ ಕೊಡುವುದು ಅಂತ ಮಾತಾಯಿತು. ಕೊನೆ ಇನ್ನೂ ಮರದ ಮೇಲೇ ಇತ್ತು. ಒಂದು ಲಕ್ಷ ಮುಂಗಡ ಎಣಿಸಿಕೊಂಡೆ. ಅವರದೇನೂ ತಪ್ಪಿಲ್ಲ, ಭಯ ನನ್ನದು, ಅಂಗಡಿ ಅವರದು.

ಆ ವರ್ಷ ನಮ್ಮ ಮನೆಯಲ್ಲಿ ಒಲೆ ಹೂಡಲಿಲ್ಲ. ಹಂಡೆ ಕೊಟ್ಟಿಗೆಯ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಅಡಿಕೆ ಬೇಯಿಸಿದ ಚೊಗರಿನ ವಾಸನೆ ಇಲ್ಲ, ರಾತ್ರಿ ಮೆಟ್ಟುಗತ್ತಿ ಮೇಲೆ ಕೂತು ಸುಲಿಯುವವರ ಹರಟೆ ಇಲ್ಲ, ಅಟ್ಟ ಖಾಲಿ. ಮರ ಹತ್ತುವ ಕೊನೆಗೌಡ ಕೊಯ್ದು ಇಳಿಸಿದ ಕೊನೆಗಳು ಹಾಗೇ ಗಾಡಿ ಹತ್ತಿದವು. ತೂಕ ಸುಮಾರು 185 ಕ್ವಿಂಟಲ್ ಆಯಿತು. ರಾಶಿ ಮಾಡಿದ್ದರೆ 24 ಕ್ವಿಂಟಲ್ ಆಗುತ್ತಿತ್ತು. ಅಪ್ಪಯ್ಯ ಗಾಡಿ ಹೋಗುವುದನ್ನು ಜಗಲಿಯಿಂದ ನೋಡಿ ಒಳಗೆ ಹೋದರು.

ಆ ಚಳಿಗಾಲ ದರ ಇಳಿದದ್ದು ಸುಳ್ಳಲ್ಲ. ‘ನೋಡಿ, ನಾನು ಹೇಳಿರಲಿಲ್ವಾ’ ಅಂತ ಮನೆಯಲ್ಲಿ ಮೀಸೆ ತಿರುವಿದ್ದೂ ಹೌದು. ಆದರೆ ಮುಂದಿನ ಮಳೆಗಾಲಕ್ಕೆ ರಾಶಿ ದರ ಮತ್ತೆ ಏರಿತು. ಭೂತಾನದ ಕಿಂಡಿ ತೆರೆದೇ ಇತ್ತು, ಆದರೂ ಏರಿತು. ನಮ್ಮಷ್ಟೇ ತೋಟ ಇರುವ ಪಕ್ಕದ ಮನೆಯವರು ಜುಲೈವರೆಗೆ ಕಾದು ಮಾರಿದರು. ಸುಲಿದ, ಬೇಯಿಸಿದ ಖರ್ಚೆಲ್ಲ ಕಳೆದೂ ನನಗಿಂತ ಒಂದೂಮುಕ್ಕಾಲು ಲಕ್ಷ ಜಾಸ್ತಿ ಬಂತು ಅವರಿಗೆ. ಆ ಲೆಕ್ಕ ನನಗೆ ಹೇಳಿದ್ದು ಅವರಲ್ಲ, ನನ್ನ ಹೆಂಡತಿ. ಎರಡು ಸಲ ಹೇಳಿದಳು.

ನಾಚಿಕೆ ಜಾಸ್ತಿ ಆಗುವುದು ಇನ್ನೊಂದು ಕಾರಣಕ್ಕೆ. ನಾನು 2016ರಲ್ಲಿ ಭೂತಾನಕ್ಕೆ ಹೋಗಿ ಬಂದವನು! ನಾಲ್ಕು ಜನ ಸ್ನೇಹಿತರು ಸೇರಿ ಹೋಗಿದ್ದೆವು. ಜೈಗಾಂವ್ ಪೇಟೆಯ ಕೊನೆಯಲ್ಲಿ ಒಂದು ದೊಡ್ಡ ಬಣ್ಣದ ಕಮಾನು. ದಾಟಿದರೆ ಫುಂಟ್‌ಶೋಲಿಂಗ್, ಬೇರೆ ದೇಶ. ನಮ್ಮ ರೂಪಾಯಿಯನ್ನೇ ಅಂಗಡಿಯವರು ತೆಗೆದುಕೊಂಡರು. ಅವರ ಙುಲ್ಟ್ರಂ ಮತ್ತು ನಮ್ಮ ರೂಪಾಯಿ ಒಂದಕ್ಕೊಂದು ಸಮ. ಅಲ್ಲೇ ಒಂದು ಅಂಗಡಿಯಲ್ಲಿ ದೋಮಾ ಕೊಂಡೆ. ದೋಮಾ ಅಂದರೆ ಅವರ ಕವಳ. ವೀಳ್ಯದೆಲೆ, ಸುಣ್ಣ, ಮತ್ತೆ ಹಸಿ ಅಡಿಕೆಯ ದೊಡ್ಡ ಹೋಳು. ಕವಳ ಹಾಕಿ ಬೆಳೆದ ಬಾಯಿ ಅಂತ ಧೈರ್ಯದಿಂದ ಜಗಿದೆ. ಎರಡು ನಿಮಿಷಕ್ಕೆ ಸೊಕ್ಕಿತು. ಕಿವಿ ಬಿಸಿ, ಮೈಯೆಲ್ಲ ಬೆವರು. ಪಕ್ಕದ ಕಟ್ಟೆ ಮೇಲೆ ಕೂತುಬಿಟ್ಟೆ. ಅಂಗಡಿಯ ಅಜ್ಜಿ ನಕ್ಕು ನೀರು ಕೊಟ್ಟರು. ಅವರ ಅಡಿಕೆ ಹಸಿ ಅಂತ ನನ್ನ ಮೈಗೇ ಗೊತ್ತಿತ್ತು, ಆರು ವರ್ಷ ಮೊದಲೇ. ಅಸ್ಸಾಂ, ಮೇಘಾಲಯದಲ್ಲೂ ಹಸಿ ಅಡಿಕೆ ತಿನ್ನುತ್ತಾರೆ. ಗಡಿ ದಾಟಿದ ಮಾಲಿಗೆ ಅಷ್ಟು ಹತ್ತಿರದಲ್ಲೇ ಬಾಯಿಗಳಿವೆ. ನಮ್ಮ ರಾಶಿ, ಚಾಲಿ, ಬೆಟ್ಟೆ ಹೋಗುವ ದಾರಿಯೇ ಬೇರೆ.

ಈಗ ನಿಮ್ಮ ಎರಡನೇ ಮಾತು. ‘ಮಿತ್ರ ದೇಶ ಅಂತ ಹೇಳಿ ನಮ್ಮನ್ನು ಬಲಿ ಕೊಟ್ಟರು’ ಅಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಆ ಸಿಟ್ಟಿನಲ್ಲೇ ನಾನು ಕೆಟ್ಟದ್ದು.

ಆ ಸ್ನೇಹ ಅಡಿಕೆಯಿಂದ ಶುರುವಾದದ್ದಲ್ಲ. 1949ರ ಆಗಸ್ಟ್ 8ರಂದು ಡಾರ್ಜಿಲಿಂಗಿನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು, 2007ರಲ್ಲಿ ಅದನ್ನು ಹೊಸದಾಗಿ ಬರೆದರು. 1958ರಲ್ಲಿ ನೆಹರೂ ಅಲ್ಲಿಗೆ ಹೋದಾಗ ಮೋಟಾರು ಹೋಗುವ ರಸ್ತೆ ಇರಲಿಲ್ಲ, ಕುದುರೆ, ಚಮರೀಮೃಗದ ಮೇಲೆ ಬೆಟ್ಟ ದಾಟಿ ಹೋದರು. ನಾವು ಆರಾಮಾಗಿ ಟ್ಯಾಕ್ಸಿಯಲ್ಲಿ ಥಿಂಫುಗೆ ಹೋದ ರಸ್ತೆಯನ್ನು 1961ರಲ್ಲಿ ಶುರುವಾದ ನಮ್ಮವರದೇ, ಗಡಿ ರಸ್ತೆ ಸಂಸ್ಥೆಯ ದಂತಕ್ ಯೋಜನೆ ಕಡಿದದ್ದು. ಅವರ ಮೊದಲ ಪಂಚವಾರ್ಷಿಕ ಯೋಜನೆಗೆ ದುಡ್ಡು ಕೊಟ್ಟವರು ನಾವು. ಸುಂಕವಿಲ್ಲದ ವ್ಯಾಪಾರವೂ ಹೊಸದಲ್ಲ, ಮೊದಲ ವ್ಯಾಪಾರ ಒಪ್ಪಂದ ಆದದ್ದು 1972ರಲ್ಲಿ. ನಿಮ್ಮ ಪ್ರಶ್ನೆಯಲ್ಲಿ ಇದು ನಿನ್ನೆ ಮೊನ್ನೆ ಬಂದ ಆಪತ್ತಿನ ಹಾಗೆ ಇದೆ.

ಅದೇ ರಸ್ತೆಯಲ್ಲಿ ಚುಖಾ ವಿದ್ಯುತ್ ಯೋಜನೆ ಸಿಗುತ್ತದೆ, 336 ಮೆಗಾವಾಟ್. ಖರ್ಚಿನ ನೂರಕ್ಕೆ 60 ಭಾಗ ಭಾರತದ ಅನುದಾನ, 40 ಭಾಗ ಸಾಲ. ಆಮೇಲೆ 1,020 ಮೆಗಾವಾಟಿನ ತಾಲಾ, 2019ರಲ್ಲಿ 720ರ ಮಾಂಗ್‌ದೇಛು. ಅವರ ಹೊಳೆ, ನಮ್ಮ ದುಡ್ಡು. ಅವರು ಬಳಸಿ ಉಳಿದ ಕರೆಂಟ್ ನಮಗೆ. ಅವರು ಸಾಲ ತೀರಿಸುವುದೂ ಅದರಿಂದಲೇ. ಟ್ಯಾಕ್ಸಿ ನಿಲ್ಲಿಸಿ ಆ ಕಣಿವೆ ನೋಡುವಾಗ ನನಗೆ ನಮ್ಮ ಕಾಳಿ ನದಿ ನೆನಪಾಯಿತು. ಸೂಪಾ, ಕೊಡಸಳ್ಳಿ, ಕದ್ರಾ. ಕರೆಂಟ್ ಎಲ್ಲಿಗೋ ಹೋಗುತ್ತದೆ, ಮುಳುಗಿದ ಊರಿನವರು ಇನ್ನೆಲ್ಲಿಗೋ ಹೋಗುತ್ತಾರೆ. ಹೊಳೆ ಕೊಟ್ಟವರಿಗೆ ಏನಾದರೂ ತಿರುಗಿ ಸಿಗಬೇಕು ಅನ್ನುವುದನ್ನು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ, ಅಲ್ವಾ?

ನಾನು ಇದನ್ನು ಮುಯ್ಯಾಳಿನ ಹಾಗೆ ನೋಡುತ್ತೇನೆ. ನಿಮ್ಮ ತೋಟಕ್ಕೆ ನಾನು ಎರಡು ದಿನ, ನನ್ನ ತೋಟಕ್ಕೆ ನೀವು ಎರಡು ದಿನ. ಪುಸ್ತಕದಲ್ಲಿ ಬರೆದಿಡುವುದಿಲ್ಲ, ಹಾಗಂತ ಯಾರೂ ಮರೆಯುವುದೂ ಇಲ್ಲ. ಒಂದು ವರ್ಷ ನಿಮ್ಮ ದನ ನನ್ನ ಬೆಟ್ಟಕ್ಕೆ ನುಗ್ಗಿ ಸ್ವಲ್ಪ ಮೇಯ್ದರೆ ಮುಯ್ಯಿ ಮುರಿಯುವುದಿಲ್ಲ. ದೊಡ್ಡ ದೇಶದವರಾದ ನಮಗೆ 17,000 ಟನ್ ಹಸಿ ಅಡಿಕೆ ಅಷ್ಟೇ. ಅಲ್ಲಿನ ಬೆಟ್ಟದ ಬುಡದ ರೈತರಿಗೆ ಅದು ಮಕ್ಕಳ ಫೀಸು.

ಬೈಯಲೇಬೇಕು ಅನ್ನಿಸಿದರೆ ಬೇರೆ ಕಡೆ ಬೈಯಿರಿ. ಮ್ಯಾನ್ಮಾರ್ ಕಡೆಯಿಂದ ಕಳ್ಳದಾರಿಯಲ್ಲಿ ಬರುವ ಒಣ ಅಡಿಕೆ ಇದೆ. ಹುರಿದ ಅಡಿಕೆ ಅಂತ ಹೆಸರು ಬದಲಿಸಿ ಎಂಐಪಿ ತಪ್ಪಿಸಿ ತಂದವರು ಇದ್ದಾರೆ. ನಮ್ಮ ರಾಜ್ಯದ ಬಯಲುಸೀಮೆಯಲ್ಲಿ ಬೋರ್‌ವೆಲ್ ನೀರಿಗೆ ಎದ್ದ ಹೊಸ ತೋಟಗಳನ್ನು ದಾವಣಗೆರೆ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಅವರೂ ನಮ್ಮವರೇ, ಅದಕ್ಕೇ ಯಾರೂ ಮೆಸೇಜ್ ಮಾಡುವುದಿಲ್ಲ! ಮನೆ ಹಿಂದಿನ ತೋಟದಲ್ಲೇ ಎಲೆಚುಕ್ಕೆ, ಕೊಳೆ ರೋಗ ಇದೆ. ಕಳೆದ ಮಳೆಗಾಲ ಕೊಳೆಗೆ ಬೋರ್ಡೋ ದ್ರಾವಣ ಹೊಡೆಯುವುದು ಹತ್ತು ದಿನ ತಡವಾಗಿ ನನಗೆ ಆದ ನಷ್ಟ, ಭೂತಾನ ನೂರು ವರ್ಷಕ್ಕೂ ಮಾಡಲಾರದು.

ಏನು ಮಾಡಬೇಕು ಅಂತ ಕೇಳಿದಿರಿ. ಒಣಗಿಸಿ. ನಿಮ್ಮ ಅಪ್ಪ ಸರಿ. ಸೊಸೈಟಿ ಸಾಲದ ಕಂತು ಹತ್ತಿರ ಇದ್ದರೆ ಅದಕ್ಕೆ ಬೇಕಾದಷ್ಟು ಮಾತ್ರ ಮೊದಲು ಮಾರಿ, ಮಿಕ್ಕದ್ದು ಅಟ್ಟದ ಮೇಲಿರಲಿ. ಸುಲಿಯಲು ಆಳು ಸಿಗದೆ ಹಸಿಯಾಗಿ ಕೊಡುತ್ತೀರಾದರೆ ನನ್ನ ಅಡ್ಡಿ ಇಲ್ಲ, ಎಷ್ಟೋ ಮನೆಯಲ್ಲಿ ಈಗ ಅದೇ ಗತಿ. ಆದರೆ ಕಾರಣ ಆಳಾಗಿರಲಿ, ಭೂತಾನ್ ಆಗುವುದು ಬೇಡ. ಮರದ ಮೇಲೆ ಇರುವಾಗಲೇ ಮುಂಗಡ ಹಿಡಿದು ದರ ಕಟ್ಟಿಕೊಳ್ಳುವ ಕೆಲಸ ಮಾತ್ರ ಮಾಡಲೇಬೇಡಿ. ಇದನ್ನು ಕಾಲಿಗೆ ಬಿದ್ದು ಬೇಕಾದರೂ ಹೇಳುತ್ತೇನೆ.

ಈಗ ಟಿವಿಯಲ್ಲಿ ಯಾವ ದೇಶದ ಜೊತೆ ಯಾವ ಒಪ್ಪಂದ ಅಂದರೂ ಅಪ್ಪಯ್ಯ ನನ್ನ ಕಡೆ ತಿರುಗಿ ಕೇಳುತ್ತಾರೆ, ‘ಹಸೀದೋ, ಒಣಗಿದ್ದೋ?’ ಮೊನ್ನೆ ವಿಮಾನ ಖರೀದಿಯ ಸುದ್ದಿಗೂ ಕೇಳಿದರು.

ಕೊನೆ ಕೊಯ್ಲಿಗೆ ಇನ್ನೂ ಸಮಯ ಇದ್ದರೆ ಹಂಡೆಯ ತಳ ಒಮ್ಮೆ ನೋಡಿಸಿಕೊಳ್ಳಿ. ಕೊಯ್ಲು ಶುರುವಾದ ಮೇಲೆ ಬೆಸುಗೆ ಹಾಕುವವರು ಯಾರೂ ಕೈಗೆ ಸಿಗುವುದಿಲ್ಲ.