ಮೂರು ಬೆರಳಗಲದ ತಪ್ಪು

ಓದುಗರ ಪತ್ರ: “2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಜಿಮ್ನಾಸ್ಟಿಕ್ಸ್‌ನ ವಾಲ್ಟ್ (ಓಡಿಬಂದು ಕೈಯೂರಿ ಹಾರುವ ಉಪಕರಣ) 5 ಸೆಂ.ಮೀ. ತಗ್ಗಾಗಿತ್ತೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ತಗ್ಗಿದ್ದರೆ ಹಾರುವುದು ಇನ್ನೂ ಸುಲಭವಲ್ಲವೇ? ಮತ್ತೆ ಹಾರಲು ಬಿಟ್ಟ ಮೇಲೂ ಅನ್ಯಾಯ ಎನ್ನುವುದೇಕೆ? ರಾದುಕಾನ್ ಪದಕ ಕಳೆದುಕೊಂಡದ್ದೂ ಇದೇ ಗೊಂದಲದಲ್ಲಲ್ಲವೇ?” – ಶಿವಮೊಗ್ಗದ ಓದುಗರು

ಸಂಪಾದಕರ ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಅಲ್ಲ, ಅದು ಬೇರೆಯೇ ಕಥೆ. ಸೆಪ್ಟೆಂಬರ್ 21ರಂದು, ವಾಲ್ಟ್ ತಗ್ಗಾಗಿದ್ದ ಅದೇ ನಾಲ್ಕು ಉಪಕರಣಗಳ ಆಲ್‌ರೌಂಡ್ ಫೈನಲ್‌ನಲ್ಲಿ ರೊಮೇನಿಯಾದ ಆಂದ್ರೆಯಾ ರಾದುಕಾನ್ ಗೆದ್ದರು. ನೆಗಡಿಗೆಂದು ತಂಡದ ವೈದ್ಯರು ಕೊಟ್ಟ ಮಾತ್ರೆಯಲ್ಲಿ ಆಗ ಕ್ರೀಡಾಪಟುಗಳಿಗೆ ನಿಷೇಧಿಸಲಾಗಿದ್ದ ಸ್ಯೂಡೋಎಫೆಡ್ರಿನ್ ಇದ್ದುದರಿಂದ 26ರಂದು ಆ ಚಿನ್ನ ಹೋಯಿತು. ಅದು ಅವರ ತಂಡದ ಸಿಮೋನಾ ಅಮನಾರ್‌ಗೆ ಸಿಕ್ಕಿತು. ತಂಡದ ಚಿನ್ನವೂ ವಾಲ್ಟ್‌ನ ಬೆಳ್ಳಿಯೂ ರಾದುಕಾನ್ ಬಳಿಯೇ ಉಳಿದವು.

ಇನ್ನು ‘ತಗ್ಗಿದ್ದರೆ ಸುಲಭ’ ಎಂಬ ಮಾತು. ಹೈಜಂಪ್‌ಗಾದರೆ ಅದು ಸರಿ, ಅಲ್ಲಿ ಕೋಲನ್ನು ದಾಟಿದರೆ ಸಾಕು. ವಾಲ್ಟ್‌ನಲ್ಲಿ ‘ಕುದುರೆ’ ಎಂದು ಕರೆಯುವ, ಚರ್ಮ ಹೊದಿಸಿದ ದಿಮ್ಮಿಯನ್ನು ದಾಟುವುದಕ್ಕಿಂತ ಅದನ್ನು ತಳ್ಳಿ ಮೇಲೇಳುವುದು ಮುಖ್ಯ. ಆಗಿನ ಮಹಿಳೆಯರ ಕುದುರೆ ಓಟಕ್ಕೆ ಅಡ್ಡಲಾಗಿ ನಿಲ್ಲುತ್ತಿತ್ತು. ಓಡಿ ಬರುವವಳಿಗೆ ಕೈಯೂರಲು ಸಿಗುತ್ತಿದ್ದದ್ದು ಸುಮಾರು 35 ಸೆಂ.ಮೀ. ಅಗಲದ ಬೆನ್ನು ಮಾತ್ರ. ನಿಯಮದಂತೆ ಅದರ ಎತ್ತರ 125 ಸೆಂ.ಮೀ. ಇರಬೇಕಿತ್ತು, ಅಂದು ಇದ್ದದ್ದು 120.

ಯುರ್ಚೆಂಕೊ ಬಗೆಯ ಹಾರಾಟವನ್ನೇ ನೋಡಿ. ಸೆಕೆಂಡಿಗೆ ಸುಮಾರು 7 ಮೀಟರ್ ವೇಗದಲ್ಲಿ ಓಡಿಬಂದು, ರೌಂಡ್‌ಆಫ್ (ಕೈಯೂರಿ ಪಕ್ಕಕ್ಕೆ ಹಾಕುವ ಲಾಗ) ಹಾಕಿ, ಸ್ಪ್ರಿಂಗ್‌ಬೋರ್ಡ್ ಮೇಲೆ ಕಾಲೂರುವಾಗ ಅವಳ ಬೆನ್ನು ಕುದುರೆಯ ಕಡೆಗಿರುತ್ತದೆ. ಕೈ ಇಡಬೇಕಾದ ಜಾಗ ಕಡೇ ಗಳಿಗೆಯವರೆಗೂ ಕಣ್ಣಿಗೆ ಬೀಳುವುದಿಲ್ಲ. ಸಾವಿರಾರು ಸಲ ಹಾರಿ ತೋಳಿಗೂ ಹೆಗಲಿಗೂ ರೂಢಿಯಾದ ಅಳತೆಯೊಂದೇ ದಾರಿ. ದೇಹ ಇನ್ನೂ ನೆಟ್ಟಗೆ ತಲೆಕೆಳಗಾಗುವ ಮುನ್ನವೇ ಅಂಗೈ ಕುದುರೆಯ ಚರ್ಮಕ್ಕೆ ತಾಕಬೇಕು, ಹೆಗಲು ಬಿಗಿದು ಸರಕ್ಕನೆ ತಳ್ಳಬೇಕು. ಕುದುರೆ 5 ಸೆಂ.ಮೀ. ಕೆಳಗಿದ್ದರೆ ಕೈ ತಾಕುವುದು ತಡವಾಗುತ್ತದೆ. ಅಷ್ಟರಲ್ಲಿ ದೇಹ ಇನ್ನಷ್ಟು ತಿರುಗಿಬಿಟ್ಟಿರುತ್ತದೆ. ತಳ್ಳಿದ ಬಲ ಮೇಲಕ್ಕೆ ಹೋಗುವ ಬದಲು ಮುಂದಕ್ಕೆ ಹೋಗುತ್ತದೆ, ಎತ್ತರ ಸಿಗುವುದಿಲ್ಲ. ಎತ್ತರವಿಲ್ಲದಿದ್ದರೆ ಸುತ್ತು ಪೂರ್ತಿಯಾಗಲು ಹೊತ್ತಿರುವುದಿಲ್ಲ, ಪಾದಕ್ಕೆ ಮೊದಲು ಮಂಡಿ ಚಾಪೆಗೆ ಬಡಿಯುತ್ತದೆ. ರಷ್ಯಾದ ಸ್ವೆಟ್ಲಾನಾ ಖೋರ್ಕಿನಾ ಅಂದು ಇಳಿದದ್ದು ಮಂಡಿಯ ಮೇಲೆಯೇ. ಅಮೆರಿಕದ ಎಲಿಸ್ ರೇ ಬಿದ್ದರು. ಬ್ರಿಟನ್‌ನ ಆನಿಕಾ ರೀಡರ್ ಗಾಯಗೊಂಡು ಸ್ಪರ್ಧೆಯಿಂದಲೇ ಹಿಂದೆ ಸರಿಯಬೇಕಾಯಿತು.

ಇಷ್ಟಾದರೂ ಯಾರಿಗೂ ಏಕೆ ಗೊತ್ತಾಗಲಿಲ್ಲ ಎಂದು ನೀವು ಕೇಳಬಹುದು. ಅಂಗಳದ ಅಂಚಿನಿಂದ ನೋಡುವವರಿಗೆ ಮೂರು ಬೆರಳಗಲ ಕಾಣುವುದಿಲ್ಲ. ಬಿದ್ದವಳಿಗಂತೂ ಓಟ ತಪ್ಪಿತೆಂದೋ ಹೆಜ್ಜೆ ತಪ್ಪಿತೆಂದೋ ತನ್ನ ಮೇಲೆಯೇ ಅನುಮಾನ. ಕೊನೆಗೆ ಮೂರನೇ ಸುತ್ತಿಗೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದ ಆಸ್ಟ್ರೇಲಿಯಾದ ಅಲಾನಾ ಸ್ಲೇಟರ್, ಎತ್ತರ ಸರಿಯಿಲ್ಲ ಎಂದರು. ಅಳೆದು ನೋಡಿದರೆ ಅವರ ಮಾತೇ ನಿಜ. ಅಷ್ಟು ಹೊತ್ತಿಗೆ 36 ಮಂದಿಯಲ್ಲಿ 18 ಮಂದಿ ಹಾರಿಯಾಗಿತ್ತು. ಸ್ಪರ್ಧೆಗೆ ಮೊದಲು ಒಂದು ಅಳತೆ ಪಟ್ಟಿ ಹಿಡಿದಿದ್ದರೆ ಮುಗಿಯುತ್ತಿದ್ದ ಕೆಲಸವಿದು. ಅಂತಹ ಕೂಟದಲ್ಲಿ ಅದನ್ನು ಮಾಡದಿದ್ದದ್ದು ಕ್ಷಮಿಸಲಾಗದ ಅಸಡ್ಡೆ ಎಂದೇ ನಮ್ಮ ಅಭಿಪ್ರಾಯ.

ಮತ್ತೆ ಹಾರುವ ಅವಕಾಶವನ್ನು ಬಳಸಿಕೊಂಡವರು ಐವರು. ಅವರಲ್ಲಿ ರೇ ಚೆನ್ನಾಗಿ ಹಾರಿದರು. ಆದರೆ ಆಲ್‌ರೌಂಡ್ ಎಂದರೆ ನಾಲ್ಕು ಉಪಕರಣಗಳ ಅಂಕಗಳ ಮೊತ್ತ. ಒಂದರಲ್ಲಿ ಬಿದ್ದ ಪೆಟ್ಟು ಅಲ್ಲಿಗೇ ನಿಲ್ಲದೆ ಮುಂದಿನದಕ್ಕೂ ದಾಟುತ್ತದೆ. ಖೋರ್ಕಿನಾ ಮೊದಲ ಸುತ್ತಿನ ಫ್ಲೋರ್‌ನಲ್ಲಿ (ನೆಲದ ಮೇಲಿನ ಕಸರತ್ತು) 9.812 ಅಂಕ ಪಡೆದಿದ್ದರು. ಎರಡನೆಯದು ವಾಲ್ಟ್, 9.343. ಅದರ ಬೆನ್ನಿಗೇ ಅನ್‌ಈವನ್ ಬಾರ್ಸ್, ಅಂದರೆ ಒಂದು ಎತ್ತರ ಒಂದು ತಗ್ಗಾದ ಎರಡು ಅಡ್ಡಕೋಲುಗಳು. 1996ರ ಅಟ್ಲಾಂಟಾದಲ್ಲಿ ಚಿನ್ನ ಗೆದ್ದ ತಮ್ಮದೇ ಉಪಕರಣದಿಂದ ಅವರು ಜಾರಿ ಬಿದ್ದರು, ಸಿಕ್ಕಿದ್ದು 9.012. ‘ಬೇಕಾದರೆ ವಾಲ್ಟ್ ಮತ್ತೆ ಹಾರಿ’ ಎಂಬ ಮಾತು ಬಂದದ್ದು ಆಮೇಲೆ. ವಾಲ್ಟ್‌ನ ಅಂಕವನ್ನು ತಿದ್ದಬಹುದಿತ್ತು, ಬಾರ್ಸ್‌ನದನ್ನು ತಿದ್ದುವ ದಾರಿಯಿರಲಿಲ್ಲ. ಅವರು ಬೇಡವೆಂದರು.

ಮೊದಲೆರಡು ಸುತ್ತುಗಳನ್ನು ಎಲ್ಲರಿಗೂ ರದ್ದುಮಾಡಿ ಮರುದಿನ ಹೊಸದಾಗಿ ನಡೆಸಿದ್ದರೆ ಮಾತ್ರ ನ್ಯಾಯವಾಗುತ್ತಿತ್ತು ಎಂದು ನಾವು ಬರೆದದ್ದು ಇದಕ್ಕೇ. ಮಂಡಿ ಊರಿದ್ದು ಕುದುರೆ ತಗ್ಗಿದ್ದರಿಂದಲೇ ಎಂದು ಒಪ್ಪಬಹುದು, ಬಾರ್ಸ್‌ನಿಂದ ಬಿದ್ದದ್ದೂ ಅದರಿಂದಲೇ ಎಂದು ಹೇಗೆ ಹೇಳುತ್ತೀರಿ ಎಂದು ನೀವು ಮತ್ತೆ ಬರೆಯಬಹುದು. ಅಳೆದು ತೋರಿಸಲು ಬರುವುದಿಲ್ಲ, ನಿಜ. ಆದರೆ ಮೂರೇ ದಿನಗಳ ಬಳಿಕ, ಸೆಪ್ಟೆಂಬರ್ 24ರಂದು, ಅದೇ ಸಿಡ್ನಿಯಲ್ಲಿ ಅನ್‌ಈವನ್ ಬಾರ್ಸ್‌ನ ಚಿನ್ನ ಗೆದ್ದವರು ಖೋರ್ಕಿನಾ.