ಬಾಗಿಲಿಗೇ ಬರುವ ದಿನಸಿ: ಹಿರಿಯರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಆರಿಸಿಕೊಂಡ ಪ್ರಶ್ನೆಗಳು ಮೈಸೂರು, ಮಂಡ್ಯದ ಹಿರಿಯ ಓದುಗರದ್ದು. ಎಲ್ಲದರ ತಿರುಳೂ ಒಂದೇ. ಅಂಗಡಿಯಲ್ಲಿ ನಿಂತು ಕಣ್ಣು, ಕೈ ಮಾಡುತ್ತಿದ್ದ ಕೆಲಸವನ್ನು ಈಗ ಎರಡು ಕಡೆ ಮಾಡಬೇಕು: ಪಟ್ಟಿ ಬರೆಯುವಾಗ, ಮತ್ತೆ ಸಾಮಾನು ಬಾಗಿಲಿಗೆ ಬಂದಾಗ.

ಪ್ರಶ್ನೆ: ನನಗೆ 74, ಯಜಮಾನರಿಗೆ 80. ಮಂಡಿನೋವಿನಿಂದ ಸೂಪರ್ ಮಾರ್ಕೆಟ್ಟಿಗೆ ಹೋಗಿಬರುವುದು ಆಗುತ್ತಿಲ್ಲ. ಮಗಳು ಮೊಬೈಲಿಗೆ ಆ್ಯಪ್ ಹಾಕಿಕೊಟ್ಟು ಹೋಗಿದ್ದಾಳೆ. ತೆರೆದರೆ ಜಾತ್ರೆಗೆ ಹೋದ ಹಾಗಾಗುತ್ತದೆ, ಹುಡುಕಿದ್ದು ಸಿಗುವುದಿಲ್ಲ. ಎಷ್ಟು ತರಿಸಬೇಕೆನ್ನುವ ಅಂದಾಜೂ ತಪ್ಪುತ್ತಿದೆ. ಹೋದ ತಿಂಗಳ ರವೆಗೆ ಹುಳು ಬಿತ್ತು.
— ಕುವೆಂಪುನಗರದ ಓದುಗರು

ಉತ್ತರ: ಆ್ಯಪ್ ಆಮೇಲೆ. ಮೊದಲು ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಮನೆಯಲ್ಲಿ ಪಾವಿನ ಲೆಕ್ಕದಲ್ಲಿ ಅಳೆಯುತ್ತೀರಿ, ಅಂಗಡಿಯವರು ಕೆ.ಜಿ. ಲೆಕ್ಕದಲ್ಲಿ ಕೊಡುತ್ತಾರೆ. ಅಂದಾಜು ತಪ್ಪುವುದು ಇಲ್ಲಿಯೇ. 1 ಕೆ.ಜಿ. ಪೊಟ್ಟಣವನ್ನು ಡಬ್ಬಿಗೆ ಸುರಿಯುವಾಗ ಎಷ್ಟು ಪಾವು ಬಂತೆಂದು ಒಮ್ಮೆ ಎಣಿಸಿ ಡಬ್ಬಿಯ ಮೇಲೆ ಬರೆದಿಡಿ. ಅಕ್ಕಿಗೊಂದು, ತೊಗರಿಬೇಳೆಗೊಂದು, ರವೆಗೊಂದು. ಇಬ್ಬರಿಗೂ ಸೇರಿ ದಿನಕ್ಕೆ 200 ಗ್ರಾಂ ಅಕ್ಕಿ ಬೇಯುವ ಮನೆಗೆ ತಿಂಗಳಿಗೆ 6 ಕೆ.ಜಿ. ಸಾಕು. ಬೇಳೆ ದಿನಕ್ಕೆ 60 ಗ್ರಾಂ ಎಂದರೆ 2 ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಎನ್ನುತ್ತಾರೆ. ಆ ಲೆಕ್ಕಕ್ಕೆ ಇಬ್ಬರಿಗೆ ತಿಂಗಳಿಗೆ 300 ಗ್ರಾಂ, ಅಂದರೆ ಒಂದು ಕೆ.ಜಿ. ಪೊಟ್ಟಣ ಮೂರು ತಿಂಗಳು ಬರಬೇಕು. ಅದಕ್ಕೆ ಮೊದಲೇ ಖಾಲಿಯಾಗುತ್ತಿದ್ದರೆ ಅದು ಪಟ್ಟಿಯ ವಿಷಯವಲ್ಲ, ಸಾರಿನ ವಿಷಯ.

ರವೆಗೆ ಹುಳು ಹೊರಗಿನಿಂದ ಬರಬೇಕೆಂದೇನಿಲ್ಲ. ಕಣ್ಣಿಗೆ ಕಾಣದ ಮೊಟ್ಟೆ ಎಷ್ಟೋ ಸಲ ಕಾಳಿನ ಜೊತೆಗೇ ಬಂದಿರುತ್ತದೆ. ಸೆಕೆ, ತೇವ ಸಿಕ್ಕಾಗ ಒಡೆಯುತ್ತದೆ. ಆದ್ದರಿಂದ ಒಂದು ಕೆ.ಜಿ. ಬೇಡ, ಅರ್ಧ ಕೆ.ಜಿ. ತರಿಸಿ, ಬಂದ ದಿನವೇ ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರು ಕಟ್ಟಿ ಮುಗ್ಗಲು ಹಿಡಿಯುತ್ತದೆ. ರಾಗಿಹಿಟ್ಟಿನದು ಬೇರೆ ಕಥೆ. ಅದರಲ್ಲಿರುವ ಜಿಡ್ಡಿನಂಶ ಹಳತಾಗಿ ಹಿಟ್ಟು ಕಹಿಯಾಗುತ್ತದೆ. ಎರಡು ಕೆ.ಜಿ. ಒಟ್ಟಿಗೆ ತರಿಸುವ ಬದಲು ಒಂದೊಂದೇ ಕೆ.ಜಿ. ಎರಡು ಸಲ ತರಿಸಿ.

ಇನ್ನು ಭಾರ. 25 ಕೆ.ಜಿ. ಅಕ್ಕಿ ಮೂಟೆಯಲ್ಲಿ ಕೆ.ಜಿ.ಗೆ ಒಂದೆರಡು ರೂಪಾಯಿ ಉಳಿಯಬಹುದು. ಅದನ್ನು ಬಾಗಿಲಿನಿಂದ ಅಡುಗೆಮನೆಗೆ ಎಳೆಯುವವರು ಯಾರು? 5 ಕೆ.ಜಿ. ಚೀಲವೇ ನಿಮಗೆ ಸರಿ. ಎಣ್ಣೆಯೂ ಅಷ್ಟೆ. 5 ಲೀಟರಿನ ಕ್ಯಾನನ್ನು ನಡುಗುವ ಕೈಯಲ್ಲಿ ಬಗ್ಗಿಸುವುದಕ್ಕಿಂತ ಒಂದೊಂದು ಲೀಟರಿನ ಪೊಟ್ಟಣ ಮೇಲು.

ಈಗ ಆ್ಯಪ್. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಗೆ ಹೋಗಿ ಅಕ್ಷರದ ಗಾತ್ರವನ್ನು ಎರಡು ಹಂತ ದೊಡ್ಡದು ಮಾಡಿಕೊಳ್ಳಿ. ತೆರೆದ ಕೂಡಲೇ ಕಾಣುವ ಬಣ್ಣಬಣ್ಣದ ಚಿತ್ರಗಳೆಲ್ಲ ಜಾಹೀರಾತು, ಅವುಗಳ ಕಡೆ ನೋಡಲೇಬೇಡಿ. ಮೇಲಿರುವ ಹುಡುಕು ಪೆಟ್ಟಿಗೆ ಒತ್ತಿ, ಕೀಬೋರ್ಡಿನ ಮೈಕ್ ಗುರುತು ಮುಟ್ಟಿ ಮಾತಿನಲ್ಲೇ ಹೇಳಿ. ಹುಡುಕಿದ್ದು ಸಿಗದಿರುವುದಕ್ಕೆ ಮುಖ್ಯ ಕಾರಣ ಹೆಸರು. ಎಷ್ಟೋ ಆ್ಯಪ್‌ಗಳಲ್ಲಿ ಸಾಮಾನುಗಳಿಗೆ ಹಿಂದಿ ಹೆಸರು. ಸಬ್ಬಕ್ಕಿ ಅಲ್ಲಿ ಸಾಬುದಾನಾ, ಅವಲಕ್ಕಿ ಪೋಹಾ, ಓಂಕಾಳು ಅಜವಾಯಿನ್, ಅಲಸಂದೆ ಲೋಬಿಯಾ, ಉದ್ದಿನಬೇಳೆ ಉರದ್ ದಾಲ್, ಹೆಸರುಬೇಳೆ ಮೂಂಗ್ ದಾಲ್, ತೊಗರಿ ತೂರ್ ಅಥವಾ ಅರ್ಹರ್. ನಮ್ಮೂರಲ್ಲಿ ಕುಳಿತು ನಮ್ಮ ಬೇಳೆಯನ್ನು ಇನ್ನೊಂದು ಹೆಸರಿನಿಂದ ಕರೆಯಬೇಕಾಗಿರುವುದು ಬೇಸರದ ಮಾತೇ, ಆದರೆ ಈ ಹೆಸರುಗಳನ್ನು ನಿಮ್ಮ ಹಾಳೆಯ ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಮೊದಲ ಸಲ ಐದಾರು ಸಾಮಾನಷ್ಟೇ ತರಿಸಿ, ಮಗಳು ಫೋನಿನಲ್ಲಿರುವಾಗ. ಮುಂದಿನ ಸಲದಿಂದ 'ಹಿಂದಿನ ಆರ್ಡರ್' ತೆರೆದು ಅದನ್ನೇ ಮತ್ತೆ ಬುಟ್ಟಿಗೆ ಹಾಕಿ, ಬೇಡದ್ದನ್ನು ತೆಗೆಯಿರಿ. ಹಣ ಕಟ್ಟುವ ಮುಂಚೆ ಬಿಲ್ಲನ್ನು ಕೆಳಗಿನವರೆಗೂ ಸರಿಸಿ ನೋಡಿ. ತಲುಪಿಸುವ ಶುಲ್ಕ, ನಿರ್ವಹಣಾ ಶುಲ್ಕ, ಮೊತ್ತ ಕಡಿಮೆಯಾದರೆ ಸಣ್ಣ ಬುಟ್ಟಿಯ ಶುಲ್ಕ, ಕೆಲವು ಕಡೆ ಮೊದಲೇ ಗುರುತು ಹಾಕಿಟ್ಟ ಟಿಪ್ಸ್, ಎಲ್ಲ ಅಲ್ಲಿರುತ್ತದೆ. ನೀವು ಕೇಳದ್ದನ್ನು ಬುಟ್ಟಿಗೆ ತುರುಕುವುದು 2023ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ತಪ್ಪು.

ಪ್ರಶ್ನೆ: ಪ್ರತಿ ಸಲವೂ ಸಾಮಾನು ತರುವ ಹುಡುಗ ಇನ್ನೆಲ್ಲೋ ನಿಂತು ಫೋನ್ ಮಾಡುತ್ತಾನೆ. ವಿಳಾಸ ಸರಿಯಾಗಿಯೇ ಕೊಟ್ಟಿದ್ದೇನೆ.
— ವಿಜಯನಗರ 2ನೇ ಹಂತದ ಓದುಗರು

ಉತ್ತರ: ಅವರು ನೋಡುವುದು ನೀವು ಬರೆದ ವಿಳಾಸವನ್ನಲ್ಲ, ನಕ್ಷೆಯ ಮೇಲಿನ ಗುರುತನ್ನು. ಮನೆಯೊಳಗೆ ಕುಳಿತು ವಿಳಾಸ ಸೇರಿಸಿದರೆ ಆ ಗುರುತು ಪಕ್ಕದ ರಸ್ತೆಗೆ ಜಾರಬಹುದು. ಗೇಟಿನ ಹೊರಗೆ ಬಯಲಲ್ಲಿ ನಿಂತು, ಒಂದು ನಿಮಿಷ ಬಿಟ್ಟು, ಗುರುತನ್ನು ಬೆರಳಿನಿಂದ ನಿಮ್ಮ ಮನೆಯ ಮೇಲೆಯೇ ಎಳೆದು ಉಳಿಸಿ. ವಿಜಯನಗರಕ್ಕೆ ನಾಲ್ಕು ಹಂತಗಳಿರುವುದರಿಂದ ಬರೀ ಅಡ್ಡರಸ್ತೆಯ ಸಂಖ್ಯೆ ಸಾಲದು. ಹಂತ, ಮುಖ್ಯರಸ್ತೆ, ಹತ್ತಿರದ ಗುಡಿ ಅಥವಾ ಪಾರ್ಕು ಇರಲಿ. ಸೂಚನೆಯ ಜಾಗದಲ್ಲಿ 'ಗಂಟೆ ಒತ್ತಿ, ಬಾಗಿಲಿಗೆ ಬರಲು ಎರಡು ನಿಮಿಷ ಬೇಕು' ಎಂದು ಬರೆಯಿರಿ. ಇದೊಂದು ವಾಕ್ಯದಿಂದ ಎಷ್ಟೋ ಗಡಿಬಿಡಿ ತಪ್ಪುತ್ತದೆ.

ಪ್ರಶ್ನೆ: ಮಾಮೂಲಿ ಉಪ್ಪು ಕೇಳಿದರೆ ಕಡಿಮೆ ಸೋಡಿಯಂ ಉಪ್ಪು ಕಳಿಸಿದ್ದಾರೆ. 'ಇದು ಇನ್ನೂ ಒಳ್ಳೆಯದು ಸಾರ್, ವಯಸ್ಸಾದವರಿಗೆ' ಅಂದರು. ನಾನು ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೇನೆ. ಇಟ್ಟುಕೊಳ್ಳಲೇ?
— ಸರಸ್ವತಿಪುರಂ ಓದುಗರು

ಉತ್ತರ: ವೈದ್ಯರನ್ನು ಕೇಳುವ ತನಕ ಪೊಟ್ಟಣ ಒಡೆಯಬೇಡಿ. ಇಂಥ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ, ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಏರುಪೇರಾಗಬಹುದು. ಬೇರೆಯವರಿಗೆ ಒಳ್ಳೆಯದಾದದ್ದು ನಿಮಗೂ ಒಳ್ಳೆಯದೆಂದು ಅಂಗಡಿಯವರು ತೀರ್ಮಾನಿಸುವ ಹಾಗಿಲ್ಲ.

ಆರ್ಡರ್ ಮಾಡುವಾಗ 'ಕೇಳಿದ್ದು ಇಲ್ಲದಿದ್ದರೆ ಏನು ಮಾಡಲಿ' ಎಂಬ ಆಯ್ಕೆ ಇದ್ದರೆ 'ಬದಲಿ ಬೇಡ, ಹಣ ವಾಪಸ್ ಮಾಡಿ' ಎಂಬುದನ್ನೇ ಒತ್ತಿ. ಫೋನಿನಲ್ಲಿ ಬರೆಸುವವರು ಪಟ್ಟಿಯ ಮೊದಲ ಸಾಲಿನಲ್ಲೇ ಹಾಗೆಂದು ಹೇಳಬೇಕು. ಬದಲಿ ಬಂದಾಗ ಎಚ್ಚರ ವಹಿಸಬೇಕಾದ ಇನ್ನೂ ಎರಡು: ಸಾದಾ ಓಟ್ಸ್ ಬದಲು ಸಕ್ಕರೆ ಬೆರೆತ ಓಟ್ಸ್, ಬರಿಯ ಗೋಧಿಹಿಟ್ಟಿನ ಬದಲು ಮೈದಾ ಬೆರೆತದ್ದು. ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಪೊಟ್ಟಣದ ಹಿಂಬದಿಯ ಸಾಮಗ್ರಿ ಪಟ್ಟಿ ಓದದೆ ಡಬ್ಬಿಗೆ ಸುರಿಯಬೇಡಿ. ಯಾವುದು ಹೆಚ್ಚಿದೆಯೋ ಅದನ್ನೇ ಅಲ್ಲಿ ಮೊದಲು ಬರೆದಿರುತ್ತಾರೆ.

ಪ್ರಶ್ನೆ: ನಾನು ಆ್ಯಪ್ ಬಳಸುವುದಿಲ್ಲ. ನಮ್ಮ ಬೀದಿಯ ಪ್ರಾವಿಷನ್ ಸ್ಟೋರಿಗೆ ಪಟ್ಟಿ ಬರೆದು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸುತ್ತೇನೆ. ಯಾವಾಗಲೂ ಎರಡು ಮೂರು ಸಾಮಾನು ತಪ್ಪಿ ಬರುತ್ತವೆ.
— ಮಂಡ್ಯ ಅಶೋಕನಗರದ ಓದುಗರು

ಉತ್ತರ: ಗುರುತಿನ ಅಂಗಡಿ ಇದ್ದರೆ ಆ್ಯಪ್ ಬೇಕೇಬೇಕೆಂದೇನಿಲ್ಲ. ನಮ್ಮ ಮತ ಕೇಳಿದರೆ ಒಂಟಿ ಹಿರಿಯರಿಗೆ ಇದೇ ಮೇಲು: ತಪ್ಪಿದ್ದನ್ನು ಬದಲಾಯಿಸಲು ಒಂದು ಫೋನ್ ಸಾಕು. ತಪ್ಪು ಹುಟ್ಟುವುದು ಪಟ್ಟಿಯಲ್ಲಿ. 'ಕಡಲೆ ½' ಎಂದು ಬರೆದರೆ ಅಂಗಡಿ ಹುಡುಗ ಏನು ಕಟ್ಟಬೇಕು? ಕಡಲೆಬೇಳೆಯೋ, ಕಡಲೆಕಾಳೋ, ಹುರಿಗಡಲೆಯೋ, ಕಡಲೆಬೀಜವೋ, ಕಡಲೆಹಿಟ್ಟೋ? ರವೆ ಎಂದರೆ ಚಿರೋಟಿಯೋ, ಬನ್ಸಿಯೋ, ಇಡ್ಲಿಯದೋ? ಅವಲಕ್ಕಿ ಗಟ್ಟಿಯದೋ, ಪೇಪರೋ? ಬೆಲ್ಲ ಅಚ್ಚೋ, ಉಂಡೆಯೋ, ಪುಡಿಯೋ? ಅಕ್ಕಿಗೆ 'ಹಳೇದು' ಎಂದು ಸೇರಿಸದಿದ್ದರೆ ಹೊಸ ಅಕ್ಕಿ ಬಂದು ಅನ್ನ ಮುದ್ದೆಯಾಗುತ್ತದೆ. ಮತ್ತೆ 'ಕಾಲು' ಎಂದು ಅಕ್ಷರದಲ್ಲಿ ಬರೆಯಲೇಬೇಡಿ. ಅವಸರದ ಕೈಬರಹದಲ್ಲಿ ಅದು 'ಕಾಳು' ಆಗುತ್ತದೆ. 'ಹೆಸರು ಕಾಲು' ಎಂದು ಬರೆದವರ ಮನೆಗೆ ಹೆಸರುಕಾಳು ಹೋದರೆ ಅಂಗಡಿಯವರನ್ನು ಬೈದು ಫಲವಿಲ್ಲ. 250 ಗ್ರಾಂ ಎಂದು ಅಂಕಿಯಲ್ಲೇ ಬರೆಯಿರಿ.

ಒಂದು ಸಾಲಿಗೆ ಒಂದೇ ಸಾಮಾನು: ಹೆಸರು, ಬಗೆ, ಬ್ರಾಂಡ್ ಬೇಕಿದ್ದರೆ ಅದು, ತೂಕ, ಎಷ್ಟು ಪೊಟ್ಟಣ. ಎಡಗಡೆ ಕ್ರಮಸಂಖ್ಯೆ, ಕೆಳಗೆ 'ಒಟ್ಟು 18 ಸಾಮಾನು' ಎಂಬ ಸಾಲು. ಪಟ್ಟಿ ಎರಡು ಪುಟವಾದರೆ ಎರಡನೇ ಫೋಟೋ ನೋಡದೆ ಬಿಡುವುದೇ ಹೆಚ್ಚು. ಒಟ್ಟು ಸಂಖ್ಯೆ ಇದ್ದರೆ ಕಟ್ಟುವವರಿಗೇ ಗೊತ್ತಾಗುತ್ತದೆ. ಸಾಮಾನಿನ ಜೊತೆ ಬಿಲ್ಲು ಕೇಳಿ ಪಡೆಯಿರಿ. ತಿಂಗಳ ಲೆಕ್ಕ ಬರೆಸುವವರು ಒಂದು ನಕಲನ್ನು ಮನೆಯಲ್ಲೂ ಇಟ್ಟುಕೊಳ್ಳಬೇಕು.

ಪ್ರಶ್ನೆ: ಹಾಳಾದ ಮೊಸರಿಗೆ ಹಣ ವಾಪಸ್ ಕೊಡುತ್ತೇವೆಂದು ಒಬ್ಬರು ಫೋನ್ ಮಾಡಿ, ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಲು ಹೇಳಿದರು. ನಾನು ಮಾಡಲಿಲ್ಲ. ಸರಿಯೇ? ಪುಣೆಯಲ್ಲಿರುವ ಮಗ ಅಲ್ಲಿಂದಲೇ ಹಣ ಕಟ್ಟುವ ದಾರಿ ಇದೆಯೇ?
— ಸಿದ್ಧಾರ್ಥನಗರದ ಓದುಗರು

ಉತ್ತರ: ನೂರಕ್ಕೆ ನೂರು ಸರಿ. ಯುಪಿಐನಲ್ಲಿ ಪಿನ್ ಹಾಕುವುದು ಹಣ ಕೊಡುವುದಕ್ಕೆ, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಎಂದು ನೋಡುವುದಕ್ಕೆ. ಹಣ ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನೂ ಬೇಡ, ಒಟಿಪಿಯೂ ಬೇಡ. ನಿಜವಾದ ವಾಪಸಾತಿ ನೀವು ಕಟ್ಟಿದ ಖಾತೆಗೋ, ಆ್ಯಪಿನ ವ್ಯಾಲೆಟ್ಟಿಗೋ ತಾನಾಗಿಯೇ ಬರುತ್ತದೆ. ಸಹಾಯವಾಣಿ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಮೋಸಗಾರರು ತಮ್ಮ ಸಂಖ್ಯೆಯನ್ನು ಅಲ್ಲಿ ಇಟ್ಟಿರುತ್ತಾರೆ. ದೂರನ್ನು ಆ್ಯಪಿನೊಳಗೆ, ಆ ಆರ್ಡರ್ ಮೇಲೆ ಒತ್ತಿಯೇ ಕೊಡಿ, ಒಡೆದ ಪೊಟ್ಟಣದ ಫೋಟೋ ಸಹಿತ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮೋಸದಿಂದ ಹಣವೇ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು.

ಮಗ ತನ್ನ ಫೋನಿನಿಂದಲೇ ಆರ್ಡರ್ ಮಾಡಿ ಹಣ ಕಟ್ಟಬಹುದು. ಒಂದೇ ಎಚ್ಚರ: ವಿಳಾಸದ ಜೊತೆ ನಿಮ್ಮ ಮೊಬೈಲ್ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಹುಡುಗ ಗೇಟಿನಲ್ಲಿ ನಿಂತು ಪುಣೆಗೆ ಫೋನ್ ಮಾಡುತ್ತಾನೆ, ಮಗ ಮೀಟಿಂಗಿನಲ್ಲಿರುತ್ತಾನೆ. ನೀವೇ ಆರ್ಡರ್ ಮಾಡಿ ಮಗನ ಖಾತೆಯಿಂದ ಕಟ್ಟಬೇಕೆಂದರೆ 2024ರಲ್ಲಿ ಬಂದ ಯುಪಿಐ ಸರ್ಕಲ್ ಇದೆ. ಪ್ರತಿ ಪಾವತಿಗೂ ಮಗನ ಒಪ್ಪಿಗೆ ಕೇಳುವ ಹಾಗೆ ಇಟ್ಟುಕೊಳ್ಳಿ. ಮೋಸದ ಕರೆಗೆ ನೀವು ಸಿಲುಕಿದರೂ ಹಣ ಅಲ್ಲಿಯೇ ನಿಲ್ಲುತ್ತದೆ.

ಪ್ರಶ್ನೆ: ಬರುವ ಸಾಮಾನಿನ ದಿನಾಂಕ ಹತ್ತಿರದಲ್ಲೇ ಮುಗಿಯುವಂತಿರುತ್ತದೆ. ಹುಡುಗನೂ ಕಾಯುವುದಿಲ್ಲ. ಬಾಗಿಲಲ್ಲಿ ಏನೇನು ನೋಡಬೇಕು?
— ಮಂಡ್ಯದ ಓದುಗರು

ಉತ್ತರ: ತಲುಪಿಸುವ ಹೊತ್ತಿಗೆ ಆಯಸ್ಸಿನ ಶೇ. 30 ಭಾಗವಾದರೂ ಅಥವಾ 45 ದಿನವಾದರೂ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಹೇಳಿದೆ. ಹತ್ತು ದಿನ ಆಯಸ್ಸಿನ ಮೊಸರಿಗೆ ಮೂರು ದಿನವಾದರೂ ಬಾಕಿ ಇರಬೇಕು ಎಂದಾಯಿತು.

ಹುಡುಗ ನಿಂತಿರುವಾಗ ಎಲ್ಲವನ್ನೂ ನೋಡಲು ಆಗುವುದಿಲ್ಲ. ಅವನಿಗೂ ಮುಂದಿನ ಮನೆಯ ಧಾವಂತ. ಬಾಗಿಲ ಪಕ್ಕ ಒಂದು ಸ್ಟೂಲು, ಭೂತಗನ್ನಡಿ ಇಟ್ಟುಕೊಳ್ಳಿ. ಚೀಲವನ್ನು ನೆಲದ ಮೇಲಲ್ಲ, ಸ್ಟೂಲಿನ ಮೇಲೆ ಇಡಿಸಿ. ಬಗ್ಗುವ ಕಷ್ಟ ತಪ್ಪುತ್ತದೆ. ಚೀಲಗಳ ಸಂಖ್ಯೆ, ಎಣ್ಣೆ ಸೋರಿಕೆ, ಮೊಟ್ಟೆ, ಹಾಲು, ಮೊಸರು ಇಷ್ಟು ಅವನ ಮುಂದೆ. ಒಟಿಪಿ ಕೇಳಿದರೆ ಚೀಲ ಎಣಿಸಿದ ಮೇಲೆ ಹೇಳಿ. ಫ್ರಿಜ್ಜಿಗೆ ಹೋಗಬೇಕಾದದ್ದು ಒಳಗೆ ಹೋದ ಮೇಲೆ ಉಳಿದದ್ದನ್ನು ಕುಳಿತು, ಬಿಲ್ಲಿನ ಜೊತೆ ಸಾಲುಸಾಲಾಗಿ ಟಿಕ್ ಮಾಡಿ. ಫ್ರೋಜನ್ ಬಟಾಣಿ ಪೊಟ್ಟಣದೊಳಗೆ ಬಿಡಿಬಿಡಿಯಾಗಿ ಉರುಳಬೇಕು. ಇಟ್ಟಿಗೆಯಂತೆ ಒಂದೇ ಗಡ್ಡೆಯಾಗಿದ್ದರೆ ನಡುವೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಅದನ್ನು ವಾಪಸ್ ಕಳಿಸಿ.

ಪ್ರಶ್ನೆ: ಸೊಪ್ಪು, ತರಕಾರಿಯನ್ನೂ ಹೀಗೇ ತರಿಸಬಹುದೇ?
— ಯಾದವಗಿರಿ ಓದುಗರು

ಉತ್ತರ: ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್, ಸಿಹಿಗುಂಬಳ ತರಿಸಿ. ಆದರೆ ತೂಕವೋ, ಎಣಿಕೆಯೋ ನೋಡಿಕೊಳ್ಳಿ. ನಿಂಬೆಹಣ್ಣು 'ಒಂದು' ಎಂದು ಒತ್ತಿದರೆ ಒಂದು ಹಣ್ಣೂ ಬರಬಹುದು, ಒಂದು ಪೊಟ್ಟಣವೂ ಬರಬಹುದು. ಹಸಿಮೆಣಸಿನಕಾಯಿ, ಶುಂಠಿ ಇಬ್ಬರಿಗೆ 100 ಗ್ರಾಂ ಮೀರುವುದು ಬೇಡ. ಸೊಪ್ಪು, ಬದನೆ, ಬೆಂಡೆ, ಟೊಮೆಟೊ ಮಾತ್ರ ಬೀದಿಗೆ ಬರುವ ತಳ್ಳುಗಾಡಿಯಲ್ಲೋ, ಹತ್ತಿರದ ಹಾಪ್‌ಕಾಮ್ಸ್‌ನಲ್ಲೋ ಕೈಯಿಂದಲೇ ಆರಿಸಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ ದಂಟಿನಸೊಪ್ಪು ಮೇಲೆ ಹಸಿರಾಗಿದ್ದು ನಡುವೆ ಕೊಳೆತಿರುವುದು ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಬೆಂಡೆಯ ತುದಿ ಮುರಿದು ನೋಡುವ ಆಯ್ಕೆ ಇನ್ನೂ ಯಾವ ಆ್ಯಪಿನಲ್ಲೂ ಬಂದಿಲ್ಲ.