ಬ್ಯಾಕಪ್‌ಗೆ ಯಾವ ಡ್ರೈವ್ ಕೊಳ್ಳಲಿ?

ಪ್ರಶ್ನೆ: ತಿಪಟೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಕೊಬ್ಬರಿ ಮಂಡಿಯವರ ಬಿಲ್ ಪುಸ್ತಕ, ಸಂಘಗಳ ವಾರ್ಷಿಕ ವರದಿ ಎಲ್ಲ ಸೇರಿ ಕಂಪ್ಯೂಟರಿನಲ್ಲಿ 300 ಜಿಬಿಯಷ್ಟು ಕಡತಗಳಿವೆ. ಬ್ಯಾಕಪ್‌ಗೆ ಎಸ್‌ಎಸ್‌ಡಿಯೇ ಬೇಕೆಂದು ಒಬ್ಬರು, ಹಾರ್ಡ್‌ಡಿಸ್ಕ್ ಸಾಕೆಂದು ಇನ್ನೊಬ್ಬರು ಹೇಳುತ್ತಾರೆ. ಆನ್‌ಲೈನಿನಲ್ಲಿ 2 ಟಿಬಿ ಪೆನ್‌ಡ್ರೈವ್ ಕೆಲವೇ ನೂರು ರೂಪಾಯಿಗೆ ಸಿಗುತ್ತಿದೆ. ಯಾವುದನ್ನು ಕೊಳ್ಳಲಿ?
— ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ಆ ಪೆನ್‌ಡ್ರೈವಿನ ಆಸೆ ಬಿಡಿ. ಅಂಥ ಸರಕಿನ ಒಳಗೆ ಸಾಮಾನ್ಯವಾಗಿ ಇರುವುದು 32 ಅಥವಾ 64 ಜಿಬಿಯ ಚಿಪ್. ತನ್ನಲ್ಲಿ 2 ಟಿಬಿ ಜಾಗವಿದೆಯೆಂದು ಕಂಪ್ಯೂಟರಿಗೆ ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಜಾಗ ತುಂಬಿದ ಮೇಲೂ ಕಾಪಿ ಆಗುತ್ತಲೇ ಇರುತ್ತದೆ, ಕಡತಗಳ ಹೆಸರೂ ಕಾಣುತ್ತದೆ. ತೆರೆಯಲು ಹೋದರೆ ಒಳಗೆ ಏನೂ ಇರುವುದಿಲ್ಲ. ದುಡಿದು ತಿನ್ನುವವರಿಗೆ ಇದನ್ನು ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ನಿಮಗೆ ಬೇಕಾದದ್ದು ಒಳ್ಳೆಯ ಕಂಪನಿಯ 1 ಟಿಬಿ ಪೋರ್ಟಬಲ್ ಹಾರ್ಡ್‌ಡಿಸ್ಕ್, ಅದೂ ಎರಡು. (ವಿಂಡೋಸ್ ಅದನ್ನು 931 ಜಿಬಿ ಎಂದು ತೋರಿಸಿದರೆ ಗಾಬರಿಯಾಗಬೇಡಿ. ತಯಾರಕರದು 1000ದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ.) ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ನಲ್ಲೇ ಮಾಹಿತಿ ಇಡುವ ಡ್ರೈವ್. ಅದು ವೇಗವಾಗಿದೆ, ಕೆಳಗೆ ಬಿದ್ದರೂ ಸುಲಭಕ್ಕೆ ಕೆಡುವುದಿಲ್ಲ. ದಿನವೂ ಬೈಕಿನಲ್ಲಿ ಹೊತ್ತು ತಿರುಗುವವರಿಗೆ ಅದೇ ಸರಿ. ಆದರೆ ಬೆಲೆ ಜಾಸ್ತಿ, ಮೇಲಾಗಿ ವರ್ಷಗಟ್ಟಲೆ ವಿದ್ಯುತ್ ಕಾಣದೆ ಬೀರುವಿನಲ್ಲಿ ಬಿದ್ದಿದ್ದರೆ ಅದರಲ್ಲಿನ ಮಾಹಿತಿ ಅಳಿಯುವ ಸಾಧ್ಯತೆಯಿದೆ. ಹಾರ್ಡ್‌ಡಿಸ್ಕಿಗೆ ಪೆಟ್ಟು ತಗಲಬಾರದು, ಅಷ್ಟೇ. ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುವಾಗ ಅದನ್ನು ಎತ್ತಿ ಅತ್ತಿತ್ತ ಇಡಬೇಡಿ.

ಎರಡು ಏಕೆ ಎಂದರೆ, ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ ಇರಬೇಕು. ವಾರಕ್ಕೊಮ್ಮೆ ಅದಲುಬದಲು ಮಾಡಿ. ಅಂಗಡಿಗೆ ಕಳ್ಳರು ನುಗ್ಗಿದರೂ ಮನೆಯದು ಉಳಿಯುತ್ತದೆ. ಕಾಪಿ ಮುಗಿದ ಕೂಡಲೇ ಇಜೆಕ್ಟ್ ಕೊಟ್ಟು ವೈರ್ ಕಿತ್ತಿಡಿ. ಸದಾ ಚುಚ್ಚಿಟ್ಟ ಡ್ರೈವ್ ಬ್ಯಾಕಪ್ ಅಲ್ಲವೇ ಅಲ್ಲ. ರ‍್ಯಾನ್ಸಮ್‌ವೇರ್ ವೈರಸ್ ಹೊಕ್ಕರೆ ಕಂಪ್ಯೂಟರಿನ ಜೊತೆಗೆ ಅದಕ್ಕೂ ಬೀಗ ಹಾಕುತ್ತದೆ. ಮುಂಗಾರಿಗೆ ಮುಂಚಿನ ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಸುಡಬಹುದು. ಸಾಮಾನ್ಯವಾಗಿ ನೀಲಿ ಬಣ್ಣವಿರುವ ಯುಎಸ್‌ಬಿ 3.0 ಪೋರ್ಟನ್ನೇ ಬಳಸಿ. ಹಳೆಯ 2.0ದಲ್ಲಿ ನಿಮ್ಮ 300 ಜಿಬಿಗೆ ಎರಡೂವರೆ–ಮೂರು ಗಂಟೆ ಬೇಕು, ಇದರಲ್ಲಿ ಒಂದು ಗಂಟೆಯ ಆಸುಪಾಸು.

ಡಿಟಿಪಿಯವರಿಗೆ ಇನ್ನೊಂದು ಮಾತು: ಕಡತಗಳ ಜೊತೆ ಫಾಂಟ್‌ಗಳನ್ನೂ ಕಾಪಿ ಮಾಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಲಗ್ನಪತ್ರಿಕೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ವಧೂವರರ ಹೆಸರಿರಬೇಕಾದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಮೊದಲ ಬ್ಯಾಕಪ್ ಆದ ಮೇಲೆ ಡಿಸ್ಕನ್ನು ಸ್ನೇಹಿತರ ಕಂಪ್ಯೂಟರಿಗೆ ಹಾಕಿ, ಅದರಲ್ಲಿನ ಫಾಂಟ್‌ಗಳನ್ನು ಅಲ್ಲಿ ಸೇರಿಸಿ, ಹಳೆಯ ಪತ್ರಿಕೆಗಳನ್ನು ತೆರೆದು ನೋಡಿ. ಕನ್ನಡ ಸರಿಯಾಗಿ ಬಾರದಿದ್ದರೆ ಬಿಟ್ಟುಹೋದ ಫಾಂಟ್ ಯಾವುದೆಂದು ಆಗಲೇ ಬರೆದಿಟ್ಟುಕೊಂಡು, ಅಂಗಡಿಯ ಕಂಪ್ಯೂಟರಿನಿಂದ ಎರಡೂ ಡಿಸ್ಕಿಗೆ ಸೇರಿಸಿ.